ಸಿ ಆದ ಮೇಲೆ ಯಾವುದು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಭಾಗದ ಮೊದಲ ವರ್ಷಕ್ಕೆ ಸಿ ಭಾಷೆ ಕಡ್ಡಾಯವಾಗಿದ್ದು, ಪೈಥಾನ್, ಜಾವಾ, ಸಿ ಪ್ಲಸ್ ಪ್ಲಸ್ ಮತ್ತು ವೆಬ್ ಪ್ರೋಗ್ರಾಮಿಂಗ್ ಆಯ್ಕೆಯ ವಿಷಯಗಳಾಗಿದ್ದವು. ಲಚ್ಯಾಣದಂಥ ಊರುಗಳಿಂದ ಇಂಡಿಗೋ ವಿಜಯಪುರಕ್ಕೋ ರೈಲು ಹಿಡಿದು ಸೊಲ್ಲಾಪುರಕ್ಕೋ ಓದಲು ಹೋಗುವ ವಿದ್ಯಾರ್ಥಿಗೆ ಸಿ ಮುಗಿದೊಡನೆ ಎದುರಾಗುವುದು ಮುಂದಿನದು ಯಾವುದೆಂಬ ಪ್ರಶ್ನೆ. ‘ಯಾವ್ದು ಕಲತ್ರ ನೌಕರಿ ಲಗು ಸಿಗತೈತಿ’ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳುವುದು ರೂಢಿ. ಆ ಪ್ರಶ್ನೆ ತಪ್ಪೇನಲ್ಲ. ಆದರೆ ನೌಕರಿಯ ಗಾಳಿ ನಾಲ್ಕು ವರ್ಷದ ಕೋರ್ಸು ಮುಗಿಯುವುದರೊಳಗೆ ದಿಕ್ಕು ಬದಲಿಸುವುದರಿಂದ, ಮೊದಲ ಭಾಷೆ ಏನನ್ನು ಮರೆಮಾಡಿತ್ತೆಂಬುದನ್ನು ನೋಡಿ ಎರಡನೆಯದನ್ನು ಆರಿಸುವುದು ಹೆಚ್ಚು ಬಾಳಿಕೆಯ ದಾರಿ.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆ, ಯಂತ್ರದ ಸ್ಮರಣೆಯನ್ನು ಬೈಟುಗಳ, ಅಂದರೆ ಎಂಟೆಂಟು ಬಿಟ್‌ಗಳ ಮನೆಗಳ ಸಾಲಾಗಿ ಕಾಣುತ್ತದೆ. 1991ರಲ್ಲಿ ಗೈಡೊ ವಾನ್ ರೋಸಮ್ ಹೊರತಂದ ಪೈಥಾನ್ ಆ ಮನೆಗಳನ್ನು ಬಹುಮಟ್ಟಿಗೆ ಮುಚ್ಚಿಡುತ್ತದೆ. ‘ಲಚ್ಯಾಣ’ ಎಂಬ ಹೆಸರನ್ನೇ ಎರಡಕ್ಕೂ ಕೊಟ್ಟು ಉದ್ದ ಕೇಳಿದರೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಲಿಪಿಚಿಹ್ನೆಗಳಿಗೆ ಸಂಖ್ಯೆ ಗೊತ್ತುಪಡಿಸುವ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿದ್ದು, ಪ್ರಚಲಿತ ಯುಟಿಎಫ್-8 ಪದ್ಧತಿಯಲ್ಲಿ ಇಂಥ ಪ್ರತಿಯೊಂದು ಚಿಹ್ನೆಯೂ ಮೂರು ಬೈಟು ಹಿಡಿಯುತ್ತದೆ. ಲ, ಚ, ಅರ್ಧಾಕ್ಷರದ ಚಿಹ್ನೆ, ಯ, ದೀರ್ಘದ ಚಿಹ್ನೆ, ಣ ಎಂದು ಈ ಹೆಸರಿನಲ್ಲಿರುವುದು ಆರು ಚಿಹ್ನೆ. ಆದ್ದರಿಂದ ಪೈಥಾನ್ 6 ಎನ್ನುತ್ತದೆ, ಸಿ 18 ಎನ್ನುತ್ತದೆ, ಓದುವವನ ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ. ಹೆಸರಿನ ಮೊದಲೆರಡು ಅಕ್ಷರಗಳು ಬೇಕೆಂದು ಪೈಥಾನ್‌ನಲ್ಲಿ ಎರಡು ಚಿಹ್ನೆ ಕತ್ತರಿಸಿದರೆ ‘ಲಚ್ಯಾ’ ಬಾರದೆ ‘ಲಚ’ ಬರುತ್ತದೆ. ಸಿ ಒಂದನ್ನೇ ಬಲ್ಲವನಿಗೆ 18 ಸಹಜವೆನಿಸುತ್ತದೆ, ಪೈಥಾನ್ ಒಂದನ್ನೇ ಬಲ್ಲವನಿಗೆ 6. ಎರಡನ್ನೂ ಬಲ್ಲವನು ಮಾತ್ರ ಎಣಿಸುತ್ತಿರುವುದು ಏನನ್ನೆಂದು ಕೇಳಿಕೊಳ್ಳುತ್ತಾನೆ.

ಇದಕ್ಕಿಂತ ದೊಡ್ಡ ಅಂತರ ಸಿ ಮತ್ತು ಎಸ್‌ಕ್ಯೂಎಲ್ ನಡುವೆ ಇದೆ. ಕೋಷ್ಟಕಗಳಲ್ಲಿ ಕೂಡಿಟ್ಟ ಮಾಹಿತಿಯನ್ನು ಪ್ರಶ್ನಿಸಲು ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟ ಈ ಭಾಷೆಯಲ್ಲಿ ಬೇಕಾದದ್ದು ಏನೆಂದು ಹೇಳಬೇಕೇ ಹೊರತು ಅದನ್ನು ಹುಡುಕುವ ಬಗೆಯನ್ನಲ್ಲ. ಕರ್ನಾಟಕದ ಪಹಣಿಗಳನ್ನು ಕೈಬರಹದಿಂದ ಬಿಡಿಸಿ ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯ ಬುನಾದಿಯೂ ಇಂಥ ದತ್ತಸಂಚಯವೇ. ನಿಂಬೆಯಿರುವ ಸರ್ವೆ ನಂಬರುಗಳನ್ನು ಹೋಬಳಿವಾರು ಎಣಿಸಬೇಕಾದರೆ ಸಿಯಲ್ಲಿ ಫೈಲು ತೆರೆದು, ಸಾಲುಸಾಲಾಗಿ ಓದಿ, ಹೋಬಳಿಗೊಂದು ಲೆಕ್ಕ ಇಟ್ಟುಕೊಳ್ಳಬೇಕು. ಎಸ್‌ಕ್ಯೂಎಲ್‌ಗೆ ಒಂದು ವಾಕ್ಯ ಸಾಕು. ದ್ವಿತೀಯ ಪಿಯುಸಿಯ ಪಠ್ಯದಲ್ಲಿ ಬಹುಕಾಲ ಸಿ ಪ್ಲಸ್ ಪ್ಲಸ್ ಜೊತೆಗೆ ಇದೂ ಇತ್ತು, ಪರೀಕ್ಷೆ ಮುಗಿದ ಮರುದಿನ ಮರೆತುಹೋಗುವ ಪಾಠವಾಗಿ. ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಲ್ಲವೆಂದು ಇದನ್ನು ಬದಿಗಿಡುವವರಿದ್ದಾರೆ. ಸಿ ಕಲಿತವನಿಗೆ ಇಷ್ಟು ಬೇರೆಯಾದ ಯೋಚನಾಕ್ರಮವನ್ನು ಇಷ್ಟು ಬೇಗ ಕಲಿಸುವ ಭಾಷೆ ಮಾತ್ರ ಮತ್ತೊಂದಿಲ್ಲ.

ಜಾವಾ, ಸಿ ಪ್ಲಸ್ ಪ್ಲಸ್ ಮೇಲ್ನೋಟಕ್ಕೆ ಸಿಯ ದಾಯಾದಿಗಳಾಗಿದ್ದು, ದೊಡ್ಡ ತಂತ್ರಾಂಶ ಕಟ್ಟುವ ತನಕ ಅವುಗಳ ಹೆಚ್ಚುಗಾರಿಕೆ ತಿಳಿಯುವುದು ಕಷ್ಟ. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್, ವೆಬ್‌ಪುಟ ಮಾಡುವ ಮನಸ್ಸಿದ್ದವರಿಗೆ ತಪ್ಪಿದ್ದಲ್ಲ. ಉಳಿದವರು ಪೈಥಾನ್ ಮತ್ತು ಎಸ್‌ಕ್ಯೂಎಲ್ ನಡುವೆ ಒಂದನ್ನೇ ಆರಿಸಬೇಕಾದ ಇಕ್ಕಟ್ಟೂ ಇಲ್ಲ: ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯವನ್ನು ಬಳಸುವ ಸೌಲಭ್ಯ 2006ರಿಂದ ಪೈಥಾನ್ ಜೊತೆಯಲ್ಲೇ ಬರುತ್ತಿದ್ದು, ಸಿಯಲ್ಲಿ ಬರೆದ ನಿಂಬೆಯ ಸರ್ವೆ ನಂಬರುಗಳ ಲೆಕ್ಕವನ್ನೇ ಅದರಲ್ಲಿ ಮತ್ತೊಮ್ಮೆ, ಹಣ ಕೊಡದೆ, ಹಳೆಯ ಕಂಪ್ಯೂಟರಿನಲ್ಲೂ ಬರೆದು ನೋಡಬಹುದು.