ತೇರ್ಗಡೆಯಿಲ್ಲದ ಪರೀಕ್ಷೆ: ವ್ಯವಹಾರದ ಜಪಾನಿ ಬರೆದವರ ಮಾತು

ಘಟಕ ಪರೀಕ್ಷೆಯ ನೀಲನಕ್ಷೆ ಮಾಡುವಾಗ ‘ಸಪ್ರಮಾಣತೆ’ ಎಂದು ಬರೆದುಕೊಂಡಿದ್ದೆ. ಅದು ಅರ್ಥವಾದದ್ದು ಹಿರಿಯೂರಿನ ನಮ್ಮಕ್ಕನಿಂದ. ಅವಳು ಬೆಂಗಳೂರಿನಲ್ಲಿ ಜಪಾನಿ ಗ್ರಾಹಕರೊಡನೆ ವ್ಯವಹರಿಸುವ ಕೆಲಸದಲ್ಲಿದ್ದಾಳೆ. ಅವಳೂ ಅವಳ ಇಬ್ಬರು ಗೆಳತಿಯರೂ ಬಿಜೆಟಿ ಬರೆದವರು.

ಬಿಜೆಟಿ ಎಂದರೆ ಕಚೇರಿ ವ್ಯವಹಾರದ ಜಪಾನಿಯನ್ನು ಅಳೆಯುವ ಪರೀಕ್ಷೆ. 1996ರಲ್ಲಿ ಜೆಟ್ರೋ ಸಂಸ್ಥೆ ಆರಂಭಿಸಿತು. ಈಗ ಕಂಪ್ಯೂಟರಿನಲ್ಲಿ 80 ಬಹುಆಯ್ಕೆ ಪ್ರಶ್ನೆಗಳಿರುತ್ತವೆ. ಪಾಸು, ಫೇಲು ಇಲ್ಲ. 0ರಿಂದ 800ರೊಳಗೆ ಎಲ್ಲಿದ್ದೀರಿ ಎಂದಷ್ಟೇ ಹೇಳುತ್ತದೆ. ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿಯಲ್ಲಾದರೆ ಎನ್5ರಿಂದ ಎನ್1ರವರೆಗೆ ಯಾವ ಹಂತ ಬರೆದರೂ ತೇರ್ಗಡೆಯಾಗಲೇಬೇಕು.

ಅಕ್ಕನಿಗೆ ಬಿಜೆಟಿ ಹಿಡಿಸಿದ್ದಕ್ಕೆ ಕಾರಣವಿದೆ. ಬೇರೆ ಕಂಪನಿಯವರು ಫೋನು ಮಾಡಿ ‘ತನಕಾ ಸಾನ್ ಇದ್ದಾರೆಯೇ?’ ಎಂದು ನಮ್ಮ ಮೇಲಧಿಕಾರಿಯನ್ನು ಕೇಳಿದರು ಎನ್ನಿ. ನಾವಾದರೆ ‘ಸಾಹೇಬ್ರು ಹೊರಗೆ ಹೋಗಿದ್ದಾರೆ’ ಎನ್ನುತ್ತೇವೆ. ಜಪಾನಿಯಲ್ಲಿ ಹೊರಗಿನವರ ಮುಂದೆ ನಮ್ಮವರನ್ನು ಏರಿಸುವಂತಿಲ್ಲ. ‘ಸಾನ್’ ಬಿಟ್ಟು ಬರೀ ‘ತನಕಾ’ ಎನ್ನಬೇಕು. ಗೌರವದ ‘ಇರಶ್ಶಾಯಿಮಾಸು’ ಬದಲು ವಿನಯದ ‘ಒರಿಮಾಸು’ ಬಳಸಬೇಕು. ವ್ಯಾಕರಣ ಸರಿಯಿದ್ದೂ ಸಂದರ್ಭಕ್ಕೆ ತಪ್ಪಾಗುವ ಇಂಥ ಜಾಗವನ್ನೇ ಈ ಪರೀಕ್ಷೆ ಹುಡುಕುತ್ತದೆ. (ಕನ್ನಡದ ಬಹುವಚನ ನಾಲಿಗೆಗೆ ಅಂಟಿರುವುದರಿಂದ ಅಕ್ಕ ಇಲ್ಲೇ ಎಡವುತ್ತಿದ್ದಳಂತೆ.)

ಗೆಳತಿಯರದು ಬೇರೆ ದೂರು. ಪರೀಕ್ಷೆಯಲ್ಲಿ ಮಾತೂ ಇಲ್ಲ, ಬರವಣಿಗೆಯೂ ಇಲ್ಲ. ಒಬ್ಬಳು ಸರಿಯುತ್ತರಗಳನ್ನೆಲ್ಲ ಗುರುತಿಸಿ ಒಳ್ಳೆಯ ಅಂಕ ಪಡೆದಳು. ಮೊದಲ ಫೋನು ಬಂದಾಗ ಬಾಯೇ ಬರಲಿಲ್ಲ. ಇನ್ನೊಬ್ಬಳಿಗೆ ಸಂದರ್ಶನದಲ್ಲಿ ‘ಎನ್2 ಆಗಿದೆಯಾ?’ ಎಂದರೇ ಹೊರತು ಬಿಜೆಟಿ ಅಂಕ ಯಾರೂ ಕೇಳಲಿಲ್ಲ. ಜಪಾನ್ ಸರ್ಕಾರ ಮಾತ್ರ ಉನ್ನತ ಪರಿಣತರ ವೀಸಾಗೆ ಎನ್1 ಆದವರಿಗೂ ಬಿಜೆಟಿಯಲ್ಲಿ 480 ಪಡೆದವರಿಗೂ ಸಮನಾಗಿ 15 ಅಂಶ ಕೊಡುತ್ತದೆ.

ಇದನ್ನೆಲ್ಲ ಕೇಳಿದ ವಾರವೇ ನಾನು ಒಂಬತ್ತನೇ ತರಗತಿಗೆ ‘ಶಬ್ದ’ ಘಟಕದ ಪರೀಕ್ಷೆ ಕೊಟ್ಟಿದ್ದೆ. ಪ್ರಶ್ನೆಗಳೆಲ್ಲ ವ್ಯಾಖ್ಯೆ. 20ಕ್ಕೆ 6 ತೆಗೆದ ಹುಡುಗನೊಬ್ಬ ಮರುದಿನ, ಕೋಟೆಯ ಬಂಡೆಗೆ ದೂರದಿಂದ ಕೂಗಿದರೆ ದನಿ ತಿರುಗಿ ಬರುತ್ತದೆ, ಹತ್ತಿರ ನಿಂತರೆ ಬರುವುದಿಲ್ಲ ಎಂದು ತಾನೇ ಹೇಳಿದ. ಸುಮಾರು 17 ಮೀಟರ್ ಅಂತರ ಬೇಕೆಂಬ ಪಾಠದ ಸಾಲು ಅವನಿಗೆ ಬರುತ್ತಿರಲಿಲ್ಲ, ವಿಷಯ ಬರುತ್ತಿತ್ತು. ಅವನ ಪತ್ರಿಕೆಯ ಮೇಲೆ ನಾನು ಕೆಂಪು ಶಾಯಿಯಲ್ಲಿ ‘ಅನುತ್ತೀರ್ಣ’ ಎಂದು ಬರೆದಾಗಿತ್ತು.

ಬಂಡೆಯ ಪ್ರಶ್ನೆಯನ್ನು ಈಗ ನೀಲನಕ್ಷೆಗೆ ಸೇರಿಸಿದ್ದೇನೆ. ಆದರೆ ಅದೂ ಬರೆಯುವ ಪ್ರಶ್ನೆಯೇ. ಅವನನ್ನು ಮೌಖಿಕವಾಗಿ ಕೇಳಲು ಮಾರ್ಗದರ್ಶಕ ಶಿಕ್ಷಕರ ಅನುಮತಿ ಕೇಳಿದ್ದೇನೆ.