ಮಗುವಿನ ಕೈಬರಹ ಇದ್ದಕ್ಕಿದ್ದಂತೆ ಕೆಟ್ಟಿದೆಯೇ? ಬೈಯುವ ಮುನ್ನ ಇದನ್ನು ಓದಿ

ಹೃದಯದ ಡಾಕ್ಟರಿಗೆ ಶಾಲೆಯ ವಿಷಯವೇಕೆ ಅನ್ನುತ್ತೀರಾ? ಕಾರಣವಿದೆ.

ಊರು ಬಿಟ್ಟು ಮುಂಬೈಗೆ ಬಂದ ಕುಟುಂಬದ ಒಂಬತ್ತು ವರ್ಷದ ಹುಡುಗಿ. ಮುತ್ತಿನಂಥ ಅಕ್ಷರ ಎರಡು ತಿಂಗಳಲ್ಲಿ ಸೊಟ್ಟಪಟ್ಟ ಆಯಿತು. ಕೈಯಿಂದ ಲೋಟ ಜಾರುತ್ತಿತ್ತು, ಕೈಕಾಲು ಸುಮ್ಮನಿರುತ್ತಿರಲಿಲ್ಲ, ಮಾತುಮಾತಿಗೂ ಅಳು. ಶಾಲೆಯಲ್ಲಿ "ಭಾಷೆ ಬರಲ್ಲ, ಗಮನವಿಲ್ಲ" ಎಂದರು. ಮನೆಯಲ್ಲಿ ಏಟು ಬಿತ್ತು. ತರಬೇತಿ ಪಡೆದಿದ್ದ ಹೊಸ ಟೀಚರೊಬ್ಬರು ಮಾತ್ರ ಹಳೇ ನೋಟ್‌ಬುಕ್ ತರಿಸಿ ಪಕ್ಕದಲ್ಲಿಟ್ಟು ನೋಡಿ, "ಇದು ಸೋಮಾರಿತನವಲ್ಲ, ಡಾಕ್ಟರಿಗೆ ತೋರಿಸಿ" ಎಂದರು.

ಅದು ಸಿಡೆನ್‌ಹ್ಯಾಮ್ ಕೊರಿಯಾ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಹೋದ ಮೇಲೆ, ಕೆಲವು ಮಕ್ಕಳಲ್ಲಿ ಕಾಣುವ ರುಮ್ಯಾಟಿಕ್ ಜ್ವರದ ಒಂದು ರೂಪ. ಹೆಚ್ಚಾಗಿ 5ರಿಂದ 15 ವರ್ಷದವರಲ್ಲಿ. ಗಂಟಲು ನೋವು ಮರೆತೇ ಹೋಗಿರುತ್ತದೆ, ತಿಂಗಳುಗಳ ನಂತರ ಇದು ಶುರುವಾಗುತ್ತದೆ. ಕೈಕಾಲಿನ ಚಲನೆ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಅದೇ ಕಾಯಿಲೆ ಹೃದಯದ ಕವಾಟವನ್ನು ಹಾಳುಮಾಡಬಹುದು. ಆ ಹುಡುಗಿಯ ಎಕೋ ಪರೀಕ್ಷೆಯಲ್ಲಿ ಕವಾಟ ಸ್ವಲ್ಪ ಸೋರುತ್ತಿತ್ತು. 3–4 ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಅನ್ನು ವರ್ಷಗಟ್ಟಲೆ ತಪ್ಪದೆ ಕೊಟ್ಟರೆ ಕಾಯಿಲೆ ಮರುಕಳಿಸದಂತೆ ತಡೆಯಬಹುದು. "ಹೊಡೆದುಬಿಟ್ಟೆನಲ್ಲ ಡಾಕ್ಟ್ರೇ" ಎಂದು ಆಕೆಯ ಅಪ್ಪ ಅತ್ತಿದ್ದು ಇಂದಿಗೂ ಮರೆತಿಲ್ಲ.

ಟೀಚರ್ ರೋಗದ ಹೆಸರು ಹೇಳಬೇಕಿಲ್ಲ. ಹಿಂದುಳಿದ ಮಗುವನ್ನು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳುವ ತರಬೇತಿ ಸಾಕು:

1. ಮೊದಲಿಂದಲೂ ಕಷ್ಟವೇ, ಚೆನ್ನಾಗಿದ್ದು ಈಗ ಕುಸಿದಿದೆಯೇ? ಕುಸಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

2. ಕಷ್ಟ ಹೊಸ ಭಾಷೆಯಲ್ಲಿ ಮಾತ್ರವೇ? ಕನ್ನಡದಲ್ಲಿ ಚೆನ್ನಾಗಿ ಕಥೆ ಹೇಳುವ ಮಗು, ಕಲಿಸಿದರೂ ಯಾವ ಲಿಪಿಯನ್ನೂ ಓದಲಾಗದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೂ ಗುರುತಿಸುತ್ತದೆ.

3. ಬೋರ್ಡು ಕಾಣುತ್ತದೆಯೇ, ಮಾತು ಕೇಳಿಸುತ್ತದೆಯೇ, ಆಟದಲ್ಲಿ ಬೇಗ ದಣಿಯುತ್ತದೆಯೇ?

ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ತಪಾಸಣೆ ಉಚಿತ. ತಂಡ ಯಾವಾಗ ಬರುತ್ತದೆಂದು ವಿಚಾರಿಸಿ.

ಪರ ಊರಲ್ಲಿ ನಮ್ಮ ಮಕ್ಕಳು ಹಿಂದೆ ಬಿದ್ದರೆ ಎಲ್ಲರೂ ಮೊದಲು ದೂರುವುದು ಭಾಷೆಯನ್ನೇ. ಮಗು ಮೊದಲು ಹೇಗಿತ್ತು ಎಂದು ಟೀಚರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಮುಂದಿನ ಪೋಷಕರ ಸಭೆಗೆ ಹಳೇ ನೋಟ್‌ಬುಕ್ ಒಯ್ಯಿರಿ. ಈ ಬರಹವನ್ನು ನಿಮಗೆ ಗೊತ್ತಿರುವ ಟೀಚರಿಗೂ ಕಳಿಸಿ. ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ ನೀವೇ ಹೇಳಿ.