ಅಳತೆ ಸಮೇತ ಬರೀರಿ

ಚೆನ್ನೈನಲ್ಲಿ ಮನೆಯಿಂದಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರ್ತೀರಾ, ಅದಕ್ಕೊಂದು ಬ್ಲಾಗ್ ಬರೀತೀರಾ? ಹಾಗಾದ್ರೆ ಇದೇ ಊರಿನ ಮೀನಾಕ್ಷಿ ಅಮ್ಮಾಳ್ ಅವರನ್ನ ನೆನೀರಿ. ನೆಂಟರಿಷ್ಟರು ಕೇಳ್ತಿದ್ದ ಅಡುಗೆಗಳನ್ನ ಅಳತೆ ಸಮೇತ ಬರೆದು, 1951ರಲ್ಲಿ ‘ಸಮೈತ್ತು ಪಾರ್’ ಪುಸ್ತಕ ತಂದ್ರು. ಇವತ್ತಿಗೂ ಅದನ್ನ ಕೊಳ್ಳೋರಿದ್ದಾರೆ.

ನಿಮ್ಮ ಬ್ಲಾಗ್‌ನಲ್ಲೂ ಗಿರಾಕಿಗಳು ಕೇಳೋ ಪ್ರಶ್ನೆಗೇ ಉತ್ತರ ಇರಲಿ. ‘ನಮ್ಮ ಪುಡಿ ಬೆಸ್ಟ್’ ಅಂತ ಬರೆದ್ರೆ ಯಾರೂ ಓದಲ್ಲ. ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಗುಂಟೂರು ಎಷ್ಟು, ಧನಿಯಾ ಯಾವ ಹದಕ್ಕೆ ಹುರೀಬೇಕು, ಅಕ್ಟೋಬರ್ ಮಳೆ ಹಿಡಿದಾಗ ಪುಡಿ ಗಂಟು ಕಟ್ಟದ ಹಾಗೆ ಎಲ್ಲಿಡಬೇಕು, ಎಲ್ಲಾ ಮುಚ್ಚುಮರೆ ಇಲ್ಲದೆ ಬರೀರಿ. ಹುರಿಯೋಕೆ ಪುರುಸೊತ್ತಿಲ್ಲದವರು ನಿಮ್ಮ ಹತ್ರಾನೇ ಬರ್ತಾರೆ.

ಮಾರೋಕೆ ಮುಂಚೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸ್ಲೇಬೇಕು. ಆ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲಷ್ಟೇ ಅಲ್ಲ, ಬ್ಲಾಗ್‌ನಲ್ಲೂ ಹಾಕಿ.